ಆಲ್ಬಿನೋ ಬಡ್ಜಿಯೋ, ನೀಲಿ ಬಡ್ಜಿಯೋ? ಬೆಳೆದ ಮೇಲೆ ಕಾಣುವ ವ್ಯತ್ಯಾಸ

ಮೊದಲ ಸಲ ಬಡ್ಜಿ (ಪುಟ್ಟ ಸಾಕುಗಿಳಿ) ಸಾಕುವವರಿಗೆ ನಾನು ಹೇಳುವುದು ಆಕಾಶನೀಲಿಯನ್ನೇ. ಕೆಂಪು ಕಣ್ಣಿನ ಬೆಳ್ಳನೆಯ ಆಲ್ಬಿನೋ ನೋಡಲು ಚೆಂದ, ದರವೂ ಹೆಚ್ಚು. ಆದರೆ ನೀಲಿ ಹಕ್ಕಿಯ ಮುಖ ನೋಡಿದರೇ ಅದರ ವಯಸ್ಸು, ಗಂಡೋ ಹೆಣ್ಣೋ ಎಂಬುದು ತಿಳಿಯುತ್ತದೆ.

ನೀಲಿ ಮರಿಯ ಹಣೆಯಲ್ಲಿ ಕಪ್ಪು ಗೆರೆಗಳು ಕೊಕ್ಕಿನ ತನಕ ಇಳಿದಿರುತ್ತವೆ. 3–4 ತಿಂಗಳಿಗೆ ಮೊದಲ ಸಲ ಗರಿ ಬದಲಾದಾಗ ಹಣೆ ಬೆಳ್ಳಗಾಗುತ್ತದೆ. ಆಲ್ಬಿನೋಗೆ ಕಪ್ಪು ಬಣ್ಣವೇ ಇಲ್ಲ, ಗೆರೆ ಎಲ್ಲಿಂದ ಬರಬೇಕು? ಅದರ ವಯಸ್ಸಿಗೆ ಕಣ್ಣೊಂದೇ ಗುರುತು: ಮರಿಯದು ಪೂರ್ತಿ ಕೆಂಪು, ನಾಲ್ಕು ತಿಂಗಳು ದಾಟಿದ ಮೇಲೆ ಸುತ್ತ ಬಿಳಿ ಉಂಗುರ ಮೂಡುತ್ತದೆ. ಕಪ್ಪು ಕಣ್ಣಿನ ಬಿಳಿ ಹಕ್ಕಿ ಆಲ್ಬಿನೋ ಅಲ್ಲ, ಅದರ ಲೆಕ್ಕವೇ ಬೇರೆ.

ನಿಜವಾದ ತಲೆನೋವು ಕೊಕ್ಕಿನ ಮೇಲಿನ ಮೂಗಿನ ತೊಗಲು. ನೀಲಿ ಗಂಡಿನದು ಮರಿಯಲ್ಲಿ ಗುಲಾಬಿ-ನೇರಳೆ, ಬೆಳೆದಂತೆ ಕಡುನೀಲಿ. ಆಲ್ಬಿನೋ ಗಂಡಿನದು ಸಾಯುವ ತನಕ ಗುಲಾಬಿ-ನೇರಳೆಯೇ. "ಇನ್ನೂ ಮರಿ, ಆಮೇಲೆ ನೀಲಿಯಾಗ್ತದೆ" ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಹೆಣ್ಣುಮರಿಯ ತೊಗಲು ಮಾಸಲು ಬಿಳುಪು, ಹೊಳ್ಳೆಯ ಸುತ್ತ ಬಿಳಿ ಬಳೆ; ಮೊಟ್ಟೆಗೆ ಬಂದಾಗ ಕಂದಾಗಿ ಒರಟಾಗುತ್ತದೆ. ಹೀಗಾಗಿ ಆಲ್ಬಿನೋ ತರುವುದಾದರೆ ಆರು ತಿಂಗಳು ದಾಟಿದ್ದನ್ನೇ ತನ್ನಿ. ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ, ಹಗಲ ಬೆಳಕಿಗೆ ಹಿಡಿದು ನೋಡಿ. ಜುಲೈಯಲ್ಲಿ ಕಾರವಾರದ ಕಡೆ ಹಗಲೇ ಮಬ್ಬು, ಆಗಂತೂ ಕೊಳ್ಳುವ ಆತುರ ಬೇಡ.

ಜೋಡಿ ಎಂದು ಕೊಟ್ಟದ್ದು ಎರಡೂ ಹೆಣ್ಣಾದರೆ ಮೊಟ್ಟೆ ಬೀಳುತ್ತದೆ, ಮರಿ ಬರುವುದಿಲ್ಲ. ಕಾವಿಗೆ ಕೂತ ಏಳನೇ ದಿನ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿಯಿರಿ. ಕೆಂಪು ನರ ಕಾಣದಿದ್ದರೆ ಹೆಚ್ಚಾಗಿ ಅದು ಬರೀ ಮೊಟ್ಟೆ. ಗೂಡಿಗಾಗಿ ಎರಡು ಹೆಣ್ಣು ಜಗಳಕ್ಕೆ ಬಿದ್ದರೆ ರಕ್ತ ಬರುವ ತನಕ ಕಚ್ಚಾಡುತ್ತವೆ.

ಪಂಜರದ ವಿಷಯದಲ್ಲಿ ಒಂದೇ ಮಾತು: ಕಡಲ ಗಾಳಿಗೆ ಅಗ್ಗದ ತಂತಿ ತುಕ್ಕು ಹಿಡಿಯುತ್ತದೆ, ಬಿಳಿ ಬಾಲದ ಮೇಲೆ ಆ ಕಲೆ ಎದ್ದು ಕಾಣುತ್ತದೆ.

ಬಿಳಿಯದೇ ಬೇಕೆನ್ನುವವರಿಗೆ ಒಂದು ದಾರಿ ಇದೆ. ಆಲ್ಬಿನೋ ಗಂಡಿಗೆ ನೀಲಿ ಹೆಣ್ಣು ಕೂಡಿಸಿ. ಹುಟ್ಟುವ ಬಿಳಿ ಮರಿಗಳೆಲ್ಲ ಹೆಣ್ಣು, ನೀಲಿ ಮರಿಗಳೆಲ್ಲ ಗಂಡು. ಕಣ್ಣು ತೆರೆಯುವ ಮೊದಲೇ ರೆಪ್ಪೆಯೊಳಗಿನ ಕೆಂಪು-ಕಪ್ಪು ನೋಡಿ ಬೇರೆ ಮಾಡಬಹುದು. ತಿರುವುಮುರುವು ಮಾಡಿದರೆ, ಅಂದರೆ ಹೆಣ್ಣು ಆಲ್ಬಿನೋ, ಗಂಡು ಅಪ್ಪಟ ನೀಲಿ (ಆಲ್ಬಿನೋ ಗುಣ ಒಳಗೂ ಇಲ್ಲದ್ದು) ಆದರೆ, ಒಂದೂ ಬಿಳಿ ಮರಿ ಬರುವುದಿಲ್ಲ. ಎರಡೇ ಪಂಜರದಲ್ಲಿ, ಕಡಿಮೆ ಖರ್ಚಿನಲ್ಲಿ ಮರಿ ಮಾಡಿಸುವ ನನಗೆ ನೀಲಿ ಹೆಣ್ಣುಗಳೇ ಮುಖ್ಯ. ಆಲ್ಬಿನೋ ಗಂಡು ಒಂದಿದ್ದರೆ ಸಾಕು.