ಮೂರು ದಾಳ, ಒಂದು ಹಳೇ ಸೀಸನ್: ಸ್ಟ್ರಾಟ್-ಓ-ಮ್ಯಾಟಿಕ್‌ನಲ್ಲಿ 1967

ಹಳೇ ಬೇಸ್‌ಬಾಲ್ ಸೀಸನ್‌ಗಳನ್ನು ದಾಳ, ಕಾರ್ಡ್ ಹಿಡಿದು ಮೇಜಿನ ಮೇಲೆ ಮತ್ತೆ ಆಡುವ ಆಟ ಸ್ಟ್ರಾಟ್-ಓ-ಮ್ಯಾಟಿಕ್. ಅದರ ಡಬ್ಬಿ ತೆಗೆದರೆ ಮೊದಲು ಸ್ವಲ್ಪ ಪೆಚ್ಚಾಗುತ್ತದೆ. ಕಾರ್ಡುಗಳ ಮೇಲೆ ಆಟಗಾರರ ಫೋಟೋ ಇಲ್ಲ. ಬರೀ ಸಂಖ್ಯೆ, ಅದೂ ಚಿಕ್ಕ ಅಕ್ಷರದಲ್ಲಿ. ಜೊತೆಗೆ ದಾಳಗಳು, ಒಂದಿಷ್ಟು ಚಾರ್ಟುಗಳು. "ಇಷ್ಟಕ್ಕಾ ಅಷ್ಟು ದುಡ್ಡು ಕೊಟ್ಟಿದ್ದು?" ಅಂದಳು ನನ್ನ ಹೆಂಡತಿ. ಸದ್ಯ, ಆಮೇಲೆ ಬೇರೆಯಾಗಿ ತರಿಸಿದ 1967ರ ಕಾರ್ಡ್ ಸೆಟ್ಟಿನ ಬೆಲೆ ಅವಳು ಕೇಳಲಿಲ್ಲ.

ನಾನು ದಾವಣಗೆರೆಯವನು. ಈಗ ಇರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಕ್ರಿಕೆಟ್ ಬಿಟ್ಟರೆ ಬೇರೆ ಆಟವೇ ಇಲ್ಲ ಅಂತಿದ್ದವನಿಗೆ ಬೇಸ್‌ಬಾಲ್ ಹುಚ್ಚು ಹಿಡಿಸಿದ್ದು ಆಫೀಸಿನ ಹಿರಿಯರೊಬ್ಬರು. ಅವರ ಬಾಯಲ್ಲಿ ಯಾವಾಗಲೂ ಒಂದೇ ವರ್ಷದ ಮಾತು. 1966ರಲ್ಲಿ ಹತ್ತು ತಂಡಗಳಲ್ಲಿ ಒಂಬತ್ತನೆಯದಾಗಿದ್ದ ಬಾಸ್ಟನ್ ರೆಡ್ ಸಾಕ್ಸ್ ಮರುವರ್ಷವೇ ಅಮೆರಿಕನ್ ಲೀಗ್ (ಅಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದು) ಗೆದ್ದಿತು. ಬಾಸ್ಟನ್‌ಗೆ 92 ಗೆಲುವು, ಡೆಟ್ರಾಯಿಟ್‌ಗೂ ಮಿನ್ನೆಸೋಟಾಗೂ 91, ಚಿಕಾಗೋ ವೈಟ್ ಸಾಕ್ಸ್‌ಗೆ 89. ತಲಾ 162 ಪಂದ್ಯ ಆಡಿದ ಮೇಲೆ ಇಷ್ಟೇ ಅಂತರ! ಮತ್ತೆ ಆಡಿ ನೋಡಬೇಕು ಅನ್ನಿಸಲು ಇದಕ್ಕಿಂತ ಒಳ್ಳೆ ಸೀಸನ್ ಸಿಗುವುದು ಕಷ್ಟ.

ಈ ಆಟವನ್ನು 1961ರಲ್ಲಿ ಮಾರುಕಟ್ಟೆಗೆ ತಂದವರು ನ್ಯೂಯಾರ್ಕಿನ ಹಾಲ್ ರಿಚ್‌ಮನ್. ಶಾಲೆಯಲ್ಲಿ ಬುಕ್ ಕ್ರಿಕೆಟ್ ಆಡಿದವರಿಗೆ ಇದು ಅರ್ಧ ಗೊತ್ತಿರುವ ಆಟವೇ. ಆದರೆ ಬುಕ್ ಕ್ರಿಕೆಟ್‌ನಲ್ಲಿ ಸಚಿನ್‌ಗೂ ವೆಂಕಟೇಶ್ ಪ್ರಸಾದ್‌ಗೂ ಒಂದೇ ಅದೃಷ್ಟ. ಪುಟ ತೆಗೆದರೆ ಯಾರಿಗೆ ಬೇಕಾದರೂ ಸಿಕ್ಸರ್. ಇಲ್ಲಿ ಹಾಗಲ್ಲ. ಪ್ರತಿ ಆಟಗಾರನ ಕಾರ್ಡೂ ಅವನು ಆ ವರ್ಷ ನಿಜವಾಗಿ ಆಡಿದ ಆಟದ ಅಂಕಿ ಅಂಶದಿಂದ ಮಾಡಿದ್ದು.

ಮೂರು ದಾಳ ಒಟ್ಟಿಗೆ ಹಾಕುತ್ತೀರಿ. ಅದರಲ್ಲಿ ಒಂದರ ಬಣ್ಣ ಬೇರೆ. ಆ ದಾಳದಲ್ಲಿ 1, 2 ಅಥವಾ 3 ಬಿದ್ದರೆ ಬ್ಯಾಟರ್ ಕಾರ್ಡ್ ನೋಡಬೇಕು. 4, 5, 6 ಬಿದ್ದರೆ ಪಿಚರ್ (ಚೆಂಡು ಎಸೆಯುವವನು, ನಮ್ಮ ಬೌಲರ್ ಇದ್ದಂತೆ) ಕಾರ್ಡ್. ಉಳಿದೆರಡು ದಾಳ ಕೂಡಿಸಿ, ಆ ಸಾಲಿನಲ್ಲಿ ಏನಿದೆ ಅಂತ ಓದಿದರೆ ಮುಗಿಯಿತು: ಔಟ್, ವಾಕ್ (ಕೆಟ್ಟ ಎಸೆತಗಳಿಂದ ಪುಕ್ಕಟೆ ಸಿಗುವ ಮೊದಲ ಬೇಸ್; ರನ್ನಿಗಾಗಿ ಸುತ್ತಬೇಕಾದ ನಿಲ್ದಾಣಗಳೇ ಬೇಸ್), ಸಿಂಗಲ್ (ಒಂದು ಬೇಸ್ ತಲುಪಿಸುವ ಹಿಟ್), ಹೋಮ್ ರನ್ (ನಮ್ಮ ಸಿಕ್ಸರ್ ಥರದ್ದು). ಕೆಲವು ಕಡೆ ಎರಡು ಉತ್ತರ ಇರುತ್ತವೆ. ಆಗ 20 ಮುಖದ ದಾಳ ಹಾಕಿ ತೀರ್ಮಾನ. ಒಟ್ಟಿನಲ್ಲಿ ಅರ್ಧ ಸಲ ಬ್ಯಾಟರ್ ಕಾರ್ಡು ಮಾತಾಡುತ್ತದೆ, ಅರ್ಧ ಸಲ ಪಿಚರ್ ಕಾರ್ಡು. ಎಂಥ ಸರಳ ಉಪಾಯ ಅಲ್ವಾ? ದೊಡ್ಡ ಹೊಡೆತಗಾರ ಬಂದಾಗ ಬೇರೆ ಬಣ್ಣದ ದಾಳ ಇನ್ನೂ ಉರುಳುತ್ತಿರುವಾಗಲೇ "ನಾಲ್ಕು, ಐದು, ಆರು" ಅಂತ ಜಪ ಮಾಡಿಕೊಳ್ಳುವುದು ಇದಕ್ಕೇ.

ಪಿಚರ್ ಕಾರ್ಡಿನಲ್ಲಿ ಅಲ್ಲಲ್ಲಿ 'ಎಕ್ಸ್' ಗುರುತು ಇರುತ್ತದೆ. ಅದು ಬಿದ್ದರೆ ಚೆಂಡು ಹೋದ ಜಾಗದ ಫೀಲ್ಡರ್ ಎಷ್ಟು ಗಟ್ಟಿ ಅಂತ ನೋಡಬೇಕು. 1 ಅಂದರೆ ಉತ್ತಮ, 5 ಅಂದರೆ ದೇವರೇ ಗತಿ. ಬ್ಯಾಟಿಂಗ್ ಚೆನ್ನಾಗಿದೆ ಅಂತ ಕೆಟ್ಟ ಫೀಲ್ಡರನನ್ನು ಶಾರ್ಟ್‌ಸ್ಟಾಪ್‌ನಲ್ಲಿ (ಎರಡನೇ, ಮೂರನೇ ಬೇಸ್ ನಡುವಿನ ಜಾಗ) ನಿಲ್ಲಿಸಿದರೆ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಗೊತ್ತಾಗುತ್ತದೆ. ಕಾರ್ಡಿನ ಒಂದು ಬದಿ ಸುಲಭದ ಆಟಕ್ಕೆ. ಹಿಂಬದಿಯಲ್ಲಿ ಎಡಗೈ ಬಲಗೈ ವ್ಯತ್ಯಾಸ ಎಲ್ಲ ಸೇರುತ್ತದೆ. ಹೊಸಬರು ಸುಲಭದ ಬದಿಯಲ್ಲೇ ಕೆಲವು ಪಂದ್ಯ ಆಡಿ ಆಮೇಲೆ ಕಾರ್ಡ್ ತಿರುಗಿಸಿ. ಮೊದಲ ದಿನವೇ ಎಲ್ಲ ಚಾರ್ಟ್ ಹರಡಿಕೊಂಡರೆ ತಲೆ ಕೆಡುತ್ತದೆ. ನಲವತ್ತು ದಾಟಿದವರು ಕನ್ನಡಕ ಪಕ್ಕದಲ್ಲೇ ಇಟ್ಟುಕೊಳ್ಳಿ.

ಇನ್ನು ಈ ಸೆಟ್ಟಿನ ರುಚಿ. 1967 ಪಿಚರ್‌ಗಳ ಕಾಲ. ಆ ವರ್ಷ ಇಡೀ ಅಮೆರಿಕನ್ ಲೀಗಿನ ಬ್ಯಾಟಿಂಗ್ ಸರಾಸರಿ .236, ಅಂದರೆ ಸಾವಿರ ಸಲ ಬ್ಯಾಟ್ ಹಿಡಿದರೆ 236 ಹಿಟ್. ನಿಯಮಿತವಾಗಿ ಆಡಿದವರಲ್ಲಿ .300 ದಾಟಿದವರು ನಾಲ್ಕೇ ಜನ: ಬಾಸ್ಟನ್ನಿನ ಕಾರ್ಲ್ ಯಸ್ಟ್ರೆಮ್‌ಸ್ಕಿ ಮತ್ತು ಜಾರ್ಜ್ ಸ್ಕಾಟ್, ಬಾಲ್ಟಿಮೋರಿನ ಫ್ರಾಂಕ್ ರಾಬಿನ್ಸನ್, ಡೆಟ್ರಾಯಿಟ್‌ನ ಆಲ್ ಕೇಲೈನ್. ಒಂದು ರನ್ ಅಂದರೆ ಇಲ್ಲಿ ಆಸ್ತಿ. ನನಗೆ ಜಾಸ್ತಿ ಮಜಾ ಕೊಟ್ಟಿದ್ದು ಬಾಸ್ಟನ್ ಅಲ್ಲ, ಚಿಕಾಗೋ. ತಂಡದ ಬ್ಯಾಟಿಂಗ್ ಸರಾಸರಿ .225, ಆದರೆ ಜೋ ಹಾರ್ಲೆನ್, ಗ್ಯಾರಿ ಪೀಟರ್ಸ್ ಥರದ ಪಿಚರ್‌ಗಳು. ಹಾರ್ಲೆನ್ ಆ ವರ್ಷ ಲೀಗಿನಲ್ಲೇ ಕಡಿಮೆ ರನ್ ಸರಾಸರಿಯವನು (ಪಿಚರ್ ಒಂಬತ್ತು ಇನ್ನಿಂಗ್ಸ್‌ಗೆ ತನ್ನ ಲೆಕ್ಕಕ್ಕೆ ಬಿಟ್ಟುಕೊಡುವ ರನ್), 2.06. ಇಂಥ ತಂಡ ನಡೆಸುವಾಗ ದೊಡ್ಡ ಹೊಡೆತಕ್ಕೆ ಕಾಯುವಂತಿಲ್ಲ. ಒಂದು ವಾಕ್, ಒಂದು ಬೇಸ್ ಕಳವು (ಪಿಚರ್ ಎಸೆಯುವಾಗಲೇ ಮುಂದಿನ ಬೇಸ್‌ಗೆ ಓಡುವುದು), ಒಂದು ಬಂಟ್ (ಚೆಂಡನ್ನು ಮೆಲ್ಲಗೆ ತಟ್ಟುವುದು), ಹೇಗೋ ಒಂದು ರನ್. ಆಮೇಲೆ ಅದನ್ನು ಜೋಪಾನ ಮಾಡಬೇಕು. ದಾಳದ ಆಟದಲ್ಲೂ ಬೆವರು ಬರುತ್ತದೆ ಅಂತ ಗೊತ್ತಾಗಿದ್ದು ಆಗ.

ಆದರೆ ಕಾರ್ಡಿಗೆ ತಾರೀಖು ಗೊತ್ತಿಲ್ಲ. ಇಡೀ ವರ್ಷದ ಸರಾಸರಿ ಅಷ್ಟೇ ಅದಕ್ಕೆ ಗೊತ್ತು. ಯಸ್ಟ್ರೆಮ್‌ಸ್ಕಿ ಆ ವರ್ಷ .326 ಸರಾಸರಿ, 44 ಹೋಮ್ ರನ್, 121 ಆರ್‌ಬಿಐ (ತನ್ನ ಬ್ಯಾಟಿಂಗ್‌ನಿಂದ ತಂಡಕ್ಕೆ ತಂದ ರನ್) ಮಾಡಿ ಟ್ರಿಪಲ್ ಕ್ರೌನ್ ಗೆದ್ದ, ಅಂದರೆ ಈ ಮೂರರಲ್ಲೂ ಲೀಗಿಗೇ ಮೊದಲಿಗ. ಅಂಥದ್ದು ಮತ್ತೆ ಆಗಿದ್ದು 2012ರಲ್ಲಿ, ಮಿಗೆಲ್ ಕಬ್ರೆರಾನಿಂದ. ಆದರೆ ಯಸ್ಟ್ರೆಮ್‌ಸ್ಕಿಯನ್ನು ಜನ ನೆನೆಯುವುದು ಕೊನೆಯ ಎರಡು ಪಂದ್ಯಗಳಿಗಾಗಿ. ಎರಡೂ ಗೆಲ್ಲಲೇಬೇಕಿದ್ದವು, ಎದುರಿಗೆ ಮಿನ್ನೆಸೋಟಾ. ಎಂಟು ಸಲ ಬ್ಯಾಟ್ ಹಿಡಿದು ಏಳು ಹಿಟ್ ಹೊಡೆದ. ಆ ಉರಿ ಕಾರ್ಡಿನಲ್ಲಿ ಇಲ್ಲ. ಏಪ್ರಿಲ್‌ನಲ್ಲಿ ಎಷ್ಟೋ, ಕೊನೆಯ ದಿನವಾದ ಅಕ್ಟೋಬರ್ 1ರಂದೂ ಅಷ್ಟೇ.

ಟೋನಿ ಕನಿಗ್ಲಿಯಾರೋ ಕಾರ್ಡ್ ಇನ್ನೂ ಕಷ್ಟ. ಬಾಸ್ಟನ್ ಪಕ್ಕದ ಊರಿನ ಹುಡುಗ, ಇಪ್ಪತ್ತನೇ ವಯಸ್ಸಿಗೇ ಲೀಗಿನಲ್ಲಿ ಅತಿ ಹೆಚ್ಚು ಹೋಮ್ ರನ್ ಹೊಡೆದವನು. 1967ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾ ತಂಡದ ಪಿಚರ್ ಜ್ಯಾಕ್ ಹ್ಯಾಮಿಲ್ಟನ್ ಎಸೆದ ಚೆಂಡು ಅವನ ಎಡಗಣ್ಣಿನ ಹತ್ತಿರ ಬಡಿಯಿತು. ಆ ಸೀಸನ್ ಅಲ್ಲಿಗೇ ಮುಗಿಯಿತು, 1968 ಪೂರ್ತಿ ಆಡಲಿಲ್ಲ. ಕಾರ್ಡಿನಲ್ಲಿರುವುದು ಅವನು ಆಡಿದ 95 ಪಂದ್ಯಗಳ ಆಟ. ಈಗ ನಿಮ್ಮ ಮೇಜಿನ ಮೇಲೆ ಆಗಸ್ಟ್ 19 ಬಂದರೆ ಏನು ಮಾಡುತ್ತೀರಿ? ಕಟ್ಟುನಿಟ್ಟಿನವರು ಕಾರ್ಡ್ ಡಬ್ಬಿಗೆ ಹಾಕುತ್ತಾರೆ. ನನಗೆ ಮನಸ್ಸಾಗಲಿಲ್ಲ, ಆಡಿಸಿದೆ.

ಆಡಿಸಿದ್ದಕ್ಕೆ ಇನ್ನೊಂದು ತಕರಾರು ಹುಟ್ಟಿತು. ನಿಜದಲ್ಲಿ ಅವನ ಜಾಗ ತುಂಬಲು ಬಾಸ್ಟನ್ ಆಗಸ್ಟ್ ಕೊನೆಗೆ ಕೆನ್ ಹ್ಯಾರೆಲ್ಸನ್‌ನನ್ನು ಕರೆತಂದಿತ್ತು. ಕಾನ್ಸಾಸ್ ಸಿಟಿ ತಂಡದ ಮಾಲೀಕ ಚಾರ್ಲ್ಸ್ ಫಿನ್ಲಿ ಜೊತೆ ಜಗಳವಾಗಿ ಅವನು ಹೊರಬಿದ್ದಿದ್ದ. ಟೋನಿ ಆಡುತ್ತಿದ್ದರೆ ಹ್ಯಾರೆಲ್ಸನ್ ಬಾಸ್ಟನ್ನಿಗೆ ಯಾಕೆ ಬರುತ್ತಾನೆ? ನ್ಯಾಯವಾಗಿ ಇರಲಿ ಅಂತ ಅವನನ್ನು ಚಿಕಾಗೋಗೆ ಕೊಟ್ಟೆ. ಈಗ ನೋಡಿ, ಬಾಸ್ಟನ್ ವಿರುದ್ಧವೇ ಹೊಡೆಯುತ್ತಿದ್ದಾನೆ. ನನ್ನ ಪಟ್ಟಿಯಲ್ಲಿ ಚಿಕಾಗೋ ಮುಂದಿದೆ. ಆಫೀಸಿನ ಹಿರಿಯರಿಗೆ ಹೇಳಿದರೆ ನಗಲಿಲ್ಲ. "ಅವನನ್ನು ವಾಪಸ್ ತೆಗೆದುಕೋ" ಅಂದರು, ಸೀರಿಯಸ್ಸಾಗಿ.

ಇಂಥ ತೀರ್ಮಾನಗಳಿಗೆ ನಿಯಮ ಪುಸ್ತಕದಲ್ಲಿ ಉತ್ತರ ಹುಡುಕಬೇಡಿ. ಯಾರು ಯಾವ ದಿನ ಯಾವ ತಂಡದಲ್ಲಿದ್ದರು, ಪಿಚರ್‌ಗೆ ಎಷ್ಟು ದಿನ ಬಿಡುವು, ಇದನ್ನೆಲ್ಲ ನೀವೇ ಬರೆದಿಟ್ಟುಕೊಳ್ಳಬೇಕು. ವೇಳಾಪಟ್ಟಿ, ಪಂದ್ಯವಾರು ತಂಡಗಳ ಪಟ್ಟಿ ಎಲ್ಲ ರೆಟ್ರೋಶೀಟ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಸಮಯದ ಲೆಕ್ಕವನ್ನೂ ಹೇಳಬೇಕು. ಹತ್ತು ತಂಡಗಳ ಪೂರ್ತಿ ಸೀಸನ್ ಅಂದರೆ 810 ಪಂದ್ಯ. ಕೈ ಪಳಗಿದ ಮೇಲೆ ಪಂದ್ಯಕ್ಕೆ ಅರ್ಧ ಗಂಟೆ ಹಿಡಿದರೂ 400 ಗಂಟೆ ದಾಟುತ್ತದೆ. ಮನೆ, ಮಕ್ಕಳು, ಕೆಲಸ ಇರುವವರು ಬಾಸ್ಟನ್ನಿನ 162 ಮಾತ್ರ ಆಡಿ. ಇಲ್ಲವೇ ಸೆಪ್ಟೆಂಬರ್‌ನಿಂದ ಶುರು ಮಾಡಿ. ಆ ತಿಂಗಳ ಮೊದಲ ವಾರದಲ್ಲಿ ನಾಲ್ಕೂ ತಂಡಗಳು ಹೆಚ್ಚುಕಡಿಮೆ ಸಮವಾಗಿದ್ದವು. "ಅಪ್ಪಾ, ಇದರ ಕಂಪ್ಯೂಟರ್ ಆಟವೂ ಇದೆಯಲ್ಲ, ಬೇಗ ಮುಗಿಯತ್ತೆ" ಅಂತ ಮಗ ಹೇಳುತ್ತಾನೆ. ಇದೆ. ಆದರೆ ಬೇಗ ಮುಗಿಸಬೇಕು ಅಂತ ಯಾರು ಹೇಳಿದರು?

ಇದೇ ಜಾತಿಯ ಎಪಿಬಿಎ ಇನ್ನೂ ಹಳೆಯದು, 1951ರದ್ದು. ಅಲ್ಲಿ ಎರಡೇ ದಾಳ. ಕಾರ್ಡಿನಲ್ಲಿ ಸಿಕ್ಕ ಸಂಖ್ಯೆಯನ್ನು ಮತ್ತೆ ಬೋರ್ಡಿನಲ್ಲಿ ಹುಡುಕಬೇಕು. ಪಿಚರ್ ಎದುರಿಗೆ ನಿಂತಿದ್ದಾನೆ ಅನ್ನುವ ಭಾವ ನನಗೆ ಸ್ಟ್ರಾಟ್-ಓ-ಮ್ಯಾಟಿಕ್‌ನಲ್ಲೇ ಹೆಚ್ಚು.

ಬೆಂಗಳೂರಿಗೋ ಮೈಸೂರಿಗೋ ತರಿಸುವವರು ಸಾಗಣೆ ಮತ್ತು ಸುಂಕ ನೋಡಿಕೊಂಡೇ ಆರ್ಡರ್ ಮಾಡಿ. ಅಮೆರಿಕದಿಂದ ಊರಿಗೆ ಬರುವ ನೆಂಟರ ಸೂಟ್‌ಕೇಸೇ ವಾಸಿ. ಮೊದಲ ಸೆಟ್ಟಾಗಿ 1968 ಮಾತ್ರ ಬೇಡ. ಬಾಬ್ ಗಿಬ್ಸನ್ 1.12 ಸರಾಸರಿಯಲ್ಲಿ ಎಸೆದ ವರ್ಷ ಅದು, ಹೊಸಬರಿಗೆ ರನ್ನೇ ಕಾಣಲ್ಲ. ಹೊಡೆತ ಇಷ್ಟಪಡುವವರು 1930ರ ನ್ಯಾಷನಲ್ ಲೀಗ್ ಸಿಕ್ಕರೆ ತೆಗೆದುಕೊಳ್ಳಿ. ಆ ವರ್ಷ ಇಡೀ ಲೀಗಿನ ಸರಾಸರಿಯೇ .303. ಪಿಚರ್‌ಗಳ ಪಾಡು ಕೇಳಬೇಡಿ.