ಮೀನಿನ ತೊಟ್ಟಿಗೆ ರಾತ್ರಿಯಿಡೀ ನೀಲಿ ಲೈಟು ಬೇಕು ಅಂದ್ರೆ ನಂಬಬೇಡಿ

ಚಿಕ್ಕಮಗಳೂರಿನಲ್ಲಿ ಹೊಸದಾಗಿ ಅಕ್ವೇರಿಯಂ ತಗೋಬೇಕು ಅಂತಿರುವವರು ಮುಚ್ಚಳದ ಲೈಟನ್ನು ಸರಿಯಾಗಿ ನೋಡಿ ತಗೊಳ್ಳಿ. ಅಂಗಡಿಯವರು ಮೀನು, ಕಲ್ಲು, ಫಿಲ್ಟರ್ ಎಲ್ಲ ತೋರಿಸುತ್ತಾರೆ. ಲೈಟಿನ ವಿಷಯ ಕೊನೆಗೆ ಸುಮ್ನೆ ತೇಲಿಸಿಬಿಡುತ್ತಾರೆ.

ನಮಗೆ ಕೊಟ್ಟ ಮುಚ್ಚಳದಲ್ಲಿ ಬಿಳಿ ಎಲ್‌ಇಡಿ ಆರಿಸಿದರೆ ನೀಲಿ ತಾನಾಗಿಯೇ ಹತ್ತುತ್ತಿತ್ತು. "ಕತ್ತಲಲ್ಲಿ ಮೀನು ಹೆದರುತ್ತೆ ಸಾರ್, ಇದು ಬೆಳದಿಂಗಳ ಥರ, ರಾತ್ರಿಯಿಡೀ ಇರ್ಲಿ" ಅಂದರು. ನೀಲಿಗೆ ಬೇರೆ ಸ್ವಿಚ್ಚೇ ಇರಲಿಲ್ಲ. ಪ್ಲಗ್ ಕಿತ್ತರೆ ಜೊತೆಗಿದ್ದ ಫಿಲ್ಟರೂ ನಿಲ್ಲುತ್ತಿತ್ತು. ಬೆಳದಿಂಗಳಂತೆ! ಅಮಾವಾಸ್ಯೆ ಅಂತಲೂ ಒಂದಿದೆ ಅಲ್ವಾ?

ತೊಟ್ಟಿಯಲ್ಲಿದ್ದದ್ದು ನಿಯಾನ್ ಟೆಟ್ರಾ. ಅಮೆಜಾನ್ ಕಡೆಯ ಮೀನು, ಕಾಡಿನ ನೆರಳಿರುವ ಮಬ್ಬು ನೀರಿನದು. ಕೆಲವೇ ವಾರಗಳಲ್ಲಿ ಅವು ಹಗಲಲ್ಲೂ ಬಣ್ಣಗೆಟ್ಟು ಫಿಲ್ಟರಿನ ಹಿಂದೆ ಸೇರಿಕೊಂಡವು. ಊಟಕ್ಕೂ ಹೊರಗೆ ಬರಲಿಲ್ಲ. ಅದೇ ಅಂಗಡಿಗೆ ಹೋಗಿ ಹೇಳಿದರೆ ರೋಗ ಅಂತ ಒಂದು ಬಾಟಲಿ ಔಷಧಿ ಕೊಟ್ಟರು. ಲೈಟು ಎಷ್ಟು ಹೊತ್ತು ಉರಿಯುತ್ತೆ ಅಂತ ಒಂದು ಮಾತೂ ಕೇಳಲಿಲ್ಲ. ಔಷಧಿ ಹಾಕಿದ ಮೇಲೂ ಮೀನು ಒಂದೊಂದಾಗಿ ಸತ್ತವು.

ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದ ನನ್ನ ಭಾವಮೈದ ಹಬ್ಬಕ್ಕೆ ಬಂದವನು ರಾತ್ರಿ ತೊಟ್ಟಿ ನೋಡಿ, "ಇವುಗಳಿಗೆ ನಿದ್ದೆ ಯಾವಾಗ ಭಾವ?" ಅಂದ. ನಾವು ಸಾಕುವ ಈ ಮೀನುಗಳಿಗೆ ರೆಪ್ಪೆ ಇಲ್ಲ, ಕಣ್ಣು ಮುಚ್ಚಿಕೊಳ್ಳೋಕಾಗಲ್ಲ. ತಲೆಯೊಳಗಿನ ಪೀನಿಯಲ್ ಗ್ರಂಥಿಗೂ ಬೆಳಕು ನೇರವಾಗಿ ಗೊತ್ತಾಗುತ್ತದೆ. ಕತ್ತಲಾದ ಮೇಲೆ ಅದು ಮೆಲಟೋನಿನ್ ಜಾಸ್ತಿ ಮಾಡುತ್ತದೆ, ರಾತ್ರಿಯಾಯಿತು ಅಂತ ಮೈಗೆ ತಿಳಿಯುವುದು ಅದರಿಂದ. ನಮ್ಮ ದೇಶದ ತೊರೆಗಳಲ್ಲೇ ಸಿಗುವ ಜೀಬ್ರಾ ಮೀನಿನ ಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಮಾಡಿದ ಅಧ್ಯಯನ 2007ರಲ್ಲಿ ಬಂತು. ಸದಾ ಬೆಳಕಿನಲ್ಲಿ ಇಟ್ಟಾಗ ಅವುಗಳ ನಿದ್ದೆ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಆಮೇಲೆ ಕತ್ತಲು ಕೊಟ್ಟರೂ ಕಳೆದುಹೋದ ನಿದ್ದೆಯನ್ನು ಅವು ತುಂಬಿಕೊಳ್ಳಲಿಲ್ಲ.

ಇನ್ನೊಂದು ವಿಷಯ ಗೊತ್ತಿರಲಿ, ಔಷಧಿ ಮಾರುವವರು ಇದನ್ನು ಹೇಳುವುದಿಲ್ಲ. ನಿಯಾನ್ ಟೆಟ್ರಾ ರಾತ್ರಿ ಕತ್ತಲಲ್ಲಿ ಮಂಕಾಗುವುದು ಸಹಜ. ಬೆಳಗ್ಗೆ ಲೈಟು ಹಾಕಿದ ಸ್ವಲ್ಪ ಹೊತ್ತಿಗೆ ಬಣ್ಣ ತಿರುಗಿ ಬರುತ್ತದೆ. ಹಗಲೆಲ್ಲ ಮಂಕಾಗಿದ್ದರೆ ಮಾತ್ರ ಏನೋ ಸರಿಯಿಲ್ಲ ಅಂತ. ಕತ್ತಲಿಗೆ ಮೀನು ಹೆದರುವುದಿಲ್ಲ. ಹೆದರುವುದು ಕತ್ತಲಲ್ಲಿ ಇದ್ದಕ್ಕಿದ್ದಂತೆ ಬೆಳಕು ಬಿದ್ದರೆ. ನಮ್ಮ ಕಡೆ ಮಳೆಗಾಲದಲ್ಲಿ ತಂತಿ ಮೇಲೆ ಮರ ಬಿದ್ದು ರಾತ್ರಿ ಕರೆಂಟ್ ಹೋಗುವುದು, ಬರುವುದು ಇದ್ದದ್ದೇ. ಹಾಗೆ ಕರೆಂಟ್ ಬಂದು ಲೈಟು ಹತ್ತಿದಾಗಲೆಲ್ಲ ಮೀನುಗಳು ಗಾಜಿಗೆ ಬಡಿದುಕೊಳ್ಳುತ್ತಿದ್ದವು.

ಈಗ ಆ ಮುಚ್ಚಳ ತೆಗೆದು ಲೈಟು ಬೇರೆ, ಫಿಲ್ಟರ್ ಬೇರೆ ಪ್ಲಗ್‌ಗೆ ಹಾಕಿದ್ದೇವೆ. ದಿನಕ್ಕೆ 8 ಗಂಟೆ ಲೈಟು, ಉಳಿದ ಹೊತ್ತು ಇಲ್ಲ. ಗಾಜಿನ ಮೇಲೆ ಕಟ್ಟುತ್ತಿದ್ದ ಪಾಚಿಯೂ ಕಡಿಮೆಯಾಯಿತು. ಉಳಿದ ಮೀನುಗಳು ಹೊರಗೆ ಬಂದು ತಿನ್ನುತ್ತಿವೆ. ಫಿಲ್ಟರನ್ನು ಮಾತ್ರ ರಾತ್ರಿ ನಿಲ್ಲಿಸಬೇಡಿ. ಗಿಡಗಳಿದ್ದರೆ ಕತ್ತಲಲ್ಲಿ ಅವೂ ಆಮ್ಲಜನಕ ಎಳೆದುಕೊಳ್ಳುತ್ತವೆ.

ಲೈಟಿಗೆ ಟೈಮರ್ ತಗೊಳ್ಳುವುದಾದರೆ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ಕೇಳಿ. ಚಕ್ರ ತಿರುಗುವ ಅಗ್ಗದ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ಮೂರು ಗಂಟೆ ಕರೆಂಟ್ ಇಲ್ಲದಿದ್ದರೆ ಮೂರು ಗಂಟೆ ಹಿಂದೆ ಬೀಳುತ್ತದೆ. ಆಮೇಲೆ ಸಂಜೆ ಆರಬೇಕಾದ ಲೈಟು ರಾತ್ರಿ ಉರಿಯುತ್ತಿರುತ್ತದೆ.