ವಿವಾಲ್ಡಿಯ ಲಿಂಕ್ ಮೆನು: ಕೊನೆಗೆ ಐದೇ ಸಾಲು ಉಳಿಯಿತು

ರೈಟ್ ಕ್ಲಿಕ್ ಮೆನುವನ್ನು ನಮಗೆ ಬೇಕಾದ ಹಾಗೆ ಬದಲಿಸುವ ಸೌಲಭ್ಯ ವಿವಾಲ್ಡಿ ಬ್ರೌಸರ್‌ಗೆ ಬಂದಿದ್ದು 2020ರ ಅಕ್ಟೋಬರ್‌ನಲ್ಲಿ, 3.4ನೇ ಆವೃತ್ತಿಯಲ್ಲಿ. ನಾನು ಅವತ್ತಿನಿಂದಲೂ ಬಳಸುತ್ತಿದ್ದೇನೆ. ಈಗ ಇದಿಲ್ಲದ ಬ್ರೌಸರ್‌ನಲ್ಲಿ ಕೂತರೆ ಕೈ ಕಟ್ಟಿದ ಹಾಗೆ ಅನಿಸುತ್ತದೆ.

ನನ್ನ ಕೆಲಸವೆಲ್ಲ ಓದುವುದು. ಒಂದು ಪುಟ ತೆರೆದರೆ ಅದರಲ್ಲಿರುವ ಹತ್ತಿಪ್ಪತ್ತು ಲಿಂಕ್‌ಗಳನ್ನು ಹಿನ್ನೆಲೆ ಟ್ಯಾಬ್‌ಗಳಲ್ಲಿ ತೆರೆದಿಟ್ಟು ಆಮೇಲೆ ಒಂದೊಂದೇ ನೋಡುತ್ತೇನೆ. ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿದರೂ ಅದೇ ಆಗುತ್ತದೆ, ಗೊತ್ತು. ಆದರೆ ಒಂದು ಕೈಯಲ್ಲಿ ನೋಟ್‌ಬುಕ್ ಇದ್ದಾಗ ಮೌಸ್ ಒಂದೇ ಗತಿ ಅಲ್ವಾ?

ಸೆಟ್ಟಿಂಗ್ಸ್‌ಗೆ ಹೋಗಿ ಮೆನುಗಳ ಪಟ್ಟಿಯಲ್ಲಿ ಲಿಂಕ್‌ನದ್ದನ್ನು ಆರಿಸಿಕೊಂಡರೆ ಸಾಲುಗಳನ್ನು ಎಳೆದು ಮೇಲೆ ಕೆಳಗೆ ಮಾಡಬಹುದು, ಬೇಡದ್ದನ್ನು ತೆಗೆಯಬಹುದು, ಹೆಸರನ್ನೂ ಬದಲಿಸಬಹುದು. ಯಾವ ಎಕ್ಸ್‌ಟೆನ್ಷನ್ನೂ (ಬ್ರೌಸರ್‌ಗೆ ಬೇರೆಯಾಗಿ ಸೇರಿಸುವ ಪುಟ್ಟ ಪ್ರೋಗ್ರಾಂ) ಬೇಕಿಲ್ಲ. ಇದು ದೊಡ್ಡ ಅನುಕೂಲ. ಯಾಕೆಂದರೆ ಕ್ರೋಮಿಯಂ ಬ್ರೌಸರ್‌ಗಳಲ್ಲಿ (ಕ್ರೋಮ್, ವಿವಾಲ್ಡಿಯಂಥ, ಒಂದೇ ತಳಹದಿಯ ಬ್ರೌಸರ್‌ಗಳು) ಎಕ್ಸ್‌ಟೆನ್ಷನ್ ತನ್ನ ಸಾಲನ್ನು ಸೇರಿಸಬಲ್ಲದೇ ಹೊರತು ಬ್ರೌಸರ್‌ನ ಸಾಲನ್ನು ತೆಗೆಯಲಾರದು. ಅದರದ್ದೇ ಒಂದಕ್ಕಿಂತ ಜಾಸ್ತಿ ಸಾಲುಗಳಿದ್ದರೆ ಅವೆಲ್ಲ ಒಂದು ಒಳಮೆನುವಿಗೆ ಸೇರಿಕೊಳ್ಳುತ್ತವೆ.

ಮೊದಲ ವಾರ ಸಿಕ್ಕಿದ್ದೆಲ್ಲ ಸೇರಿಸಿದೆ, ಮೆನು ಮೊದಲಿಗಿಂತ ಉದ್ದವಾಯಿತು. ಆಮೇಲೆ ಮೂರು ತಿಂಗಳು ಮುಟ್ಟದ್ದನ್ನೆಲ್ಲ ತೆಗೆದೆ. ಈಗ ಉಳಿದಿರುವುದು ಐದು: ಹಿನ್ನೆಲೆ ಟ್ಯಾಬ್, ಹೊಸ ಟ್ಯಾಬ್, ಬುಕ್‌ಮಾರ್ಕ್, ಲಿಂಕ್ ಉಳಿಸುವುದು, ವಿಳಾಸ ಕಾಪಿ ಮಾಡುವುದು. ಲಿಂಕ್ ಉಳಿಸುವ ಸಾಲನ್ನು ಒಮ್ಮೆ ತೆಗೆದೂ ಇದ್ದೆ. ಒಂದು ದಿನ ಸಾಲುಸಾಲಾಗಿ ಪಿಡಿಎಫ್ ಇಳಿಸಬೇಕಾಗಿ ಬಂದಾಗ ಅದರ ಬೆಲೆ ಗೊತ್ತಾಯಿತು, ವಾಪಸ್ ಹಾಕಿಕೊಂಡೆ.

ಯಾವ ಸಾಲು ಎಲ್ಲಿರಬೇಕು ಅನ್ನುವುದಕ್ಕೇ ಜಾಸ್ತಿ ತಲೆ ಕೆಡಿಸಿಕೊಂಡಿದ್ದೇನೆ. ಸಾಮಾನ್ಯವಾಗಿ ಮೆನು ಕೆಳಮುಖವಾಗಿ ತೆರೆದುಕೊಳ್ಳುತ್ತದೆ, ಹಾಗಾಗಿ ಮೊದಲ ಸಾಲೇ ಕರ್ಸರ್‌ಗೆ ಹತ್ತಿರ. ಲಿಂಕ್ ಪರದೆಯ ತಳದಲ್ಲಿದ್ದರೆ ಮೆನು ಮೇಲ್ಮುಖವಾಗಿ ತೆರೆಯುತ್ತದೆ, ಆಗ ಕೊನೆಯ ಸಾಲು ಹತ್ತಿರ. ಅದಕ್ಕೇ ಹಿನ್ನೆಲೆ ಟ್ಯಾಬ್ ಮೇಲ್ತುದಿಯಲ್ಲಿ, ಕಾಪಿ ತಳದಲ್ಲಿ ಇಟ್ಟಿದ್ದೇನೆ. ಪ್ರೈವೇಟ್ ವಿಂಡೋ ಸಾಲು ಮೊದಲು ಹಿನ್ನೆಲೆ ಟ್ಯಾಬ್ ಪಕ್ಕದಲ್ಲೇ ಇತ್ತು. ಕೈ ಜಾರಿ ಸುಮ್ನೆ ಹೊಸ ವಿಂಡೋ ತೆರೆಯುತ್ತಿತ್ತು, ಅದನ್ನು ತೆಗೆದ ಮೇಲೆ ನೆಮ್ಮದಿ.

ಚಿತ್ರವೇ ಲಿಂಕ್ ಆಗಿದ್ದರೆ ಮಾತ್ರ ಚಿತ್ರದ ಸಾಲುಗಳೂ ಬಂದು ಮೆನು ಉದ್ದವಾಗುತ್ತದೆ. ರೈಟ್ ಕ್ಲಿಕ್ಕನ್ನೇ ತಡೆಯುವ ಅಥವಾ ತಮ್ಮದೇ ಮೆನು ತೋರಿಸುವ ಸೈಟ್‌ಗಳಲ್ಲಿ ಈ ಬದಲಾವಣೆಯಿಂದ ಪ್ರಯೋಜನವಿಲ್ಲ.

ನೀವು ಶುರು ಮಾಡುವುದಾದರೆ ಮೊದಲು ಏನನ್ನೂ ಸೇರಿಸಬೇಡಿ, ತೆಗೆಯುತ್ತಾ ಹೋಗಿ. ಎಡವಟ್ಟಾದರೆ ಮೆನುವನ್ನು ಮೊದಲಿನ ಸ್ಥಿತಿಗೆ ತರುವ ಆಯ್ಕೆ ಅಲ್ಲೇ ಇದೆ. ನಾನು ಎರಡು ಸಲ ಬಳಸಿದ್ದೇನೆ.